ಚಿಕ್ಕಪ್ಪನ ಪಂಪು, ನನ್ನ ಮೂಗು

ತೆಂಗಿಗೆ ನುಸಿ ರೋಗ ಬಂದ ವರ್ಷಗಳಲ್ಲಿ ಬಿಳಿಗೆರೆ ಸುತ್ತಮುತ್ತ ನನ್ನ ಮೂಗಿಗೆ ಇದ್ದ ಮರ್ಯಾದೆ ನಂಗೇ ಇರ್ಲಿಲ್ಲ. ನಮ್ಮ ಚಿಕ್ಕಪ್ಪ ಪೆಟ್ರೋಲ್ ಇಂಜಿನ್ನಿನ ಪಂಪು ಇಟ್ಕೊಂಡು ತೋಟತೋಟಕ್ಕೂ ಔಷ್ದಿ ಹೊಡೆಯೋಕೆ ಹೋಗ್ತಿದ್ರು. ಮರ ಹತ್ತೋರು ಪೈಪು ಹಿಡ್ಕೊಂಡು ಮೇಲೆ, ಚಿಕ್ಕಪ್ಪ ಡ್ರಮ್ಮಿನ ಪಕ್ಕ ಕೆಳಗೆ. ಕಾಯಿಗೆ ಬಿದ್ದಷ್ಟೇ ಔಷ್ದಿ ಅವರ ತಲೆಗೂ ಬೀಳೋದು. ಪಿಯುಸಿ ಫೇಲಾದ ನಾನು ಅವರ ಅಸಿಸ್ಟೆಂಟು.

ಆಗ ನಕಲಿ ಔಷ್ದಿ ಕಾಟ ಜಾಸ್ತಿ. ಅಸಲಿ ಯಾವ್ದು ಅಂತ ಕಂಡುಹಿಡಿಯೋಕೆ ನಮ್ಮೋರಿಗೆ ಗೊತ್ತಿದ್ದದ್ದು ಒಂದೇ ದಾರಿ. ಮುಚ್ಚಳ ಬಿಚ್ಚಿ ಮೂಸೋದು. ಘಾಟು ನೆತ್ತಿಗೆ ಹೊಡೆದ್ರೆ ಅಸಲಿ. ಆ ಕೆಲಸ ನಂದು. ಮದುವೆಮನೆ ಅಡುಗೆಭಟ್ರು ಸಾರು ಮೂಸ್ದಂಗೆ ಕಣ್ಣು ಮುಚ್ಕೊಂಡು ಎಳ್ದು, ಗಂಭೀರವಾಗಿ ತಲೆ ಆಡಿಸ್ತಿದ್ದೆ. ನಿಜ ಹೇಳ್ಬೇಕಂದ್ರೆ ತಲೆ ತಾನಾಗೇ ಆಡೋದು. ಒಂದ್ಸಲ ಮೂಸಿದೋನು ಹಾಗೇ ಹಿಂದಕ್ಕೆ ಹೋಗಿ ಮಟ್ಟೆ ರಾಶಿಲಿ ಕಾಲು ಮೇಲಾಗಿ ಬಿದ್ದೆ. ತೋಟದೋರು ನನ್ನನ್ನ ಎತ್ತೋಕೂ ಬರ್ಲಿಲ್ಲ, "ಮಾಲು ಸ್ಟ್ರಾಂಗಾಗೈತೆ ಕಣ್ರೀ" ಅಂತ ಖುಷಿಯಾಗಿ ಬಾಟ್ಲಿ ಎತ್ಕೊಂಡ್ರು.

ಆಮೇಲೆ ಚಿಕ್ಕಪ್ಪಂಗೆ ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರೋಕೆ ಶುರುವಾಯ್ತು. ಜ್ವರ ಬಿಡ್ಲೇ ಇಲ್ಲ. ತಿಪಟೂರಿನ ಡಾಕ್ಟ್ರು ಬೆಂಗಳೂರಿಗೆ ಕಳಿಸಿದ್ರು. ಅಲ್ಲಿ ರಕ್ತದ ಕ್ಯಾನ್ಸರ್ ಅಂದ್ರು.

ಔಷ್ದಿ ಗಾಳಿ ಕುಡಿದಿದ್ದಕ್ಕೆ ಬಂತಾ ಅಂತ ಚಿಕ್ಕಪ್ಪ ಕೇಳಿದ್ರು. ಪೆಟ್ರೋಲ್ ಹೊಗೆ ಮೇಲೆ ಅನುಮಾನ ಗಟ್ಟಿಯಾಗೇ ಇದೆ, ಔಷ್ದಿ ವಿಚಾರದಲ್ಲಿ ಕೆಲವರು ಹೌದಂತಾರೆ, ಕೆಲವರು ಸಾಕ್ಷಿ ಸಾಲ್ದು ಅಂತಾರೆ, ಆದ್ರೆ ನಿಮ್ಮ ರಕ್ತ ನೋಡಿ ಇದು ಯಾತರಿಂದ ಬಂತು ಅಂತ ಹೇಳೋಕೆ ಆಗಲ್ಲ ಅಂದ್ರು ಡಾಕ್ಟ್ರು. ಬಸ್ಸಲ್ಲಿ ವಾಪಸ್ ಬರ್ತಾ ಚಿಕ್ಕಪ್ಪಂಗೆ ತನಗಿಂತ ನನ್ನ ಚಿಂತೆ. ಪಂಪು ಮುಂದಕ್ಕೆ ನಿಂಗೇ ಅಂತ ಅವರು ಮೊದಲೇ ಹೇಳಿದ್ರು. ಈಗ ಅದೇ ಯೋಚನೆ ಅವರಿಗೆ.

"ಔಷ್ದಿ ಹೊಡೆಯೋರಿಗೆ ಇದು ಬಂದೈತಾ ಅಂತ ನಾಲ್ಕು ಕಡೆ ವಿಚಾರ್ಸ್ಕೊಂಡು ಬಾ ಮಗ," ಅಂದ್ರು.

ನಾನೋ, ದೊಡ್ಡ ಪತ್ತೇದಾರನ ಥರ ಟಿವಿಎಸ್ ಹತ್ತಿದೆ. ಮಾಯಸಂದ್ರದಲ್ಲಿ ಒಬ್ಬ ಅಜ್ಜ, ನಾನು ಹುಟ್ಟೋಕೆ ಮುಂಚಿಂದ ಔಷ್ದಿ ಹೊಡೆಯೋರು, ಬರಿಗೈಲೇ ಕಲಸೋರು. ನನ್ನ ಕೈ ಕುಲುಕಿದ್ರೆ ಬೆರಳೆಲ್ಲ ಲಟಲಟ ಅಂತು, ಅಷ್ಟು ಗಟ್ಟಿ ಆಳು. ಖುಷಿಯಾಗಿ ಹಾಡ್ಕೊಂಡು ವಾಪಸ್ ಬಂದೆ. ಆಮೇಲೆ ಹುಳಿಯಾರಿಗೆ ಹೋದೆ. ಅಲ್ಲಿ ಬಟ್ಟೆ ಹೊಲಿಯೋ ಒಬ್ಬ ಹೆಂಗಸು ಇದೇ ಕಾಯಿಲೇಲಿ ತೀರ್ಕೊಂಡಿದ್ರು. ಔಷ್ದಿ ಬಾಟ್ಲೀನ ಅವರು ಮುಟ್ಟಿದ್ದೇ ಇಲ್ವಂತೆ. ಖುಷಿ ಇನ್ನೂ ಜಾಸ್ತಿಯಾಯ್ತು. ಆ ಸಾವಿನ ಮನೇಲಿ ನಾನು ಹಲ್ಲು ಬಿಟ್ಟಿದ್ದು ನೋಡಿ ಕಾಫಿ ಕೂಡ ಕೊಡದೆ ಕಳಿಸಿದ್ರು.

ಕೊನೆಗೆ ನಮ್ಮೂರ ಟೀ ಅಂಗಡೀಲಿ, ಔಷ್ದಿ ಹೊಡೆದು ಯಾರಿಗಾದ್ರೂ ಸುಸ್ತು ಗಿಸ್ತು ಆಗೈತಾ ಅಂತ ಕೇಳ್ದೆ. ಸರ್ಕಾರದಿಂದ ಪರಿಹಾರ ಬರ್ತದೆ ಅಂತ ಅದ್ಯಾರು ಹಬ್ಬಿಸಿದ್ರೋ, ಸಂಜೆ ಹೊತ್ತಿಗೆ ಇಡೀ ಊರಿಗೆ ಸುಸ್ತು. ಪಂಪಿನ ಸದ್ದೂ ಕೇಳದೋರಿಗೂ ತಲೆಸುತ್ತು. ಬೆಳಗ್ಗೆ ಎದ್ದು, ಪರಿಹಾರ ಇಲ್ಲ ಕಣ್ರಪ್ಪ, ಔಷ್ದೀನೇ ನಿಲ್ಲಿಸಿದ್ರೂ ನಿಲ್ಲಿಸ್ಬಹುದು ಅಂದೆ. ಎಲ್ರೂ ಗುಂಡುಕಲ್ಲಿನಂಗೆ ಗಟ್ಟಿಯಾಗ್ಬುಟ್ರು.

ಇದನ್ನೆಲ್ಲ ಅಭಿನಯ ಮಾಡಿ ಚಿಕ್ಕಪ್ಪಂಗೆ ಹೇಳ್ದೆ. ಮಲಗಿದ್ದಲ್ಲೇ ನಕ್ಕರು. ನಗೋಕೂ ಉಸಿರು ಸಾಲ್ತಿರ್ಲಿಲ್ಲ.

"ಅಂದ್ರೆ ನಂಗೆ ಇದ್ರಿಂದ್ಲೇ ಬಂತು ಅಂತ ಯಾರೂ ಹೇಳಂಗಿಲ್ಲ."

"ಇಲ್ಲ ಚಿಕ್ಕಪ್ಪ. ಅದ್ಕೇ ಪಂಪು ನಾನೇ..."

"ನಿಂಗೆ ಬರಲ್ಲ ಅಂತ್ಲೂ ಯಾರೂ ಹೇಳಂಗಿಲ್ಲ ಅಲ್ವೇನ್ಲಾ?"



ಆ ವರ್ಷದ ಕೊಬ್ಬರಿ ಅಟ್ಟದಿಂದ ಇಳಿಸೋ ಹೊತ್ತಿಗೆ ಚಿಕ್ಕಪ್ಪ ಇರ್ಲಿಲ್ಲ. ಖಾಲಿಯಾದ ಅಟ್ಟಕ್ಕೆ ಪಂಪು ಹತ್ತಿಸ್ದೆ. ತುರುವೇಕೆರೆಯಿಂದ ಒಬ್ಬ ಹುಡುಗ, ನನ್ನಷ್ಟೇ ವಯಸ್ಸು, ಅದನ್ನ ಕೊಡ್ತೀರಾ ಅಂತ ಕೇಳ್ಕೊಂಡು ಬಂದ. ಕೆಟ್ಟೋಗೈತೆ ಅಂದೆ. ರಿಪೇರಿ ಮಾಡ್ಸ್ಕೋತೀನಿ ಅಂದ. ಆಗಲ್ಲ ಬುಡಪ್ಪ, ಆಗೋ ಅಂಥ ರಿಪೇರಿ ಅಲ್ಲ ಅಂತ ಕಳಿಸ್ದೆ.

ಈಗ್ಲೂ ಹಲ್ಲುಜ್ಜಿ ಉಗುಳಿದಾಗ ಒಂಚೂರು ಕೆಂಪು ಕಂಡ್ರೆ ಬಗ್ಗಿ ನೋಡ್ತೀನಿ. ಬ್ರಷ್ಷು ಗಡುಸು, ಅದ್ಕೇ ಇರ್ಬೇಕು ಅಂದ್ಕೋತೀನಿ. ಬ್ರಷ್ಷು ಆಗ್ಲೇ ಎರಡು ಸಲ ಬದಲಾಯಿಸಿದ್ದೀನಿ.