ಅತ್ತೆ ಮುಂದೆ ಈಸಿದ ದಿನ

ಮಂಡಿ ಹಿಡಿದುಕೊಂಡಿದೆಯೆಂದು ಗೊಣಗಿದ್ದಕ್ಕೆ ಮೊಮ್ಮಗಳು ಮೊನ್ನೆ ಅಂಕೋಲೆಯ ಪೇಟೆಯಿಂದ ಹೊನ್ನೆ ಎಣ್ಣೆ ತಂದಳು. ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಆ ಕಹಿ ವಾಸನೆಗೆ ನನ್ನ ಭುಜಗಳೆರಡೂ ನೋಯತೊಡಗಿದವು. ಮಂಡಿಯ ನೋವು ಮರೆತೇಹೋಯಿತು...

ಉಪ್ಪಿನ ಸತ್ಯಾಗ್ರಹ ಮುಗಿದ ಒಂದೆರಡು ವರ್ಷಕ್ಕೆ ನಾನು ಕಾರವಾರದ ಬಿಣಗಾದಿಂದ ಗಂಗಾವಳಿ ಹೊಳೆಯ ದಂಡೆಯ ಈ ಮನೆಗೆ ಸೊಸೆಯಾಗಿ ಬಂದೆ. ಗದ್ದೆಯ ಕೊಯ್ಲು ಮುಗಿದರೆ ಇಲ್ಲಿನ ಹೆಂಗಸರು ದೋಣಿಯಲ್ಲಿ ಹೊಳೆ ನಡುವಿನ ಮರಳದಿಬ್ಬಕ್ಕೆ ಹೋಗಿ ಬಳಚು ಹೆಕ್ಕುತ್ತಿದ್ದರು. ಒಳಗಿನ ಮಾಂಸ ಸಾರಿಗೆ, ಚಿಪ್ಪು ಸುಣ್ಣದ ಭಟ್ಟಿಗೆ. ಗಂಡಸರ ಕಾಟವಿಲ್ಲದ ಜಾಗ ಅದೊಂದೇ. ಅವರ ನಗು ದಂಡೆಗೂ ಕೇಳುತ್ತಿತ್ತು. ನನಗೂ ಹೋಗಬೇಕಿತ್ತು. ಆದರೆ ದೋಣಿ ಬರುವುದು ತಡವಾಗಿ ಸಮುದ್ರದ ಭರತ ಹೊಳೆಗೆ ಏರಿದರೆ ಈಸಿಯೇ ದಂಡೆ ಸೇರಬೇಕು. ನನಗೆ ಈಜು ಬರುತ್ತಿತ್ತು, ದಮ್ಮಿರಲಿಲ್ಲ. ಬಂದ ಮೊದಲ ಮಳೆಗಾಲವೇ ಚಳಿಜ್ವರ ಮೈಯನ್ನು ಹಿಂಡಿ ಹಾಕಿತ್ತು.

"ತವರಿನ ಕೆರೇಲಿ ಈಸ್ತಿದ್ದೆ" ಅಂದೆ.

"ಕೆರೆ ನಿಂತ್ಕಂಡಿರ್ತದೆ ಮಗಾ. ಹೊಳೆ ನಿಲ್ಲೂದಿಲ್ಲ" ಅಂದರು ಅತ್ತೆ.

ಬೇಡ ಅನ್ನಲಿಲ್ಲ. ಮರುದಿನವೇ ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ನೀರಿಗಿಳಿಸಿದರು. ಮೊದಲು ಹರಿವು ತಗ್ಗಿದ ಹೊತ್ತಿನಲ್ಲಿ ದಂಡೆಗುಂಟ. ಆಮೇಲೆ ಬುರುಡೆ ಬಿಚ್ಚಿ. ಆಮೇಲೆ ಇಳಿತಕ್ಕೆದುರಾಗಿ, ಕಚ್ಚೆ ಕಟ್ಟಿದ ಸೀರೆಯಲ್ಲೇ. ಆತುರಕ್ಕೆ ಕೈ ಬಡಿದರೆ ಬೈಗುಳ. ಉಸಿರು ಕಟ್ಟಿದರೆ ಅಂಗಾತ ತೇಲಿ ಸುಧಾರಿಸಿಕೊಳ್ಳಬೇಕು, ದಂಡೆ ಎಷ್ಟು ದೂರವೆಂದು ನೋಡಬಾರದು. ಒಂದು ದಿನ ಈಸಿದರೆ ಮರುದಿನ ಬಿಡುವು; ಅಂದು ಭುಜಕ್ಕೆ ಹೊನ್ನೆ ಎಣ್ಣೆ ತಿಕ್ಕಿ, ಉಪ್ಪುನೀರ ಗದ್ದೆಯಲ್ಲಿ ಬೆಳೆದ ಕಗ್ಗದ ಅಕ್ಕಿಯ ಗಂಜಿ ಕುಡಿಸುತ್ತಿದ್ದರು. ಸೊಸೆಯನ್ನು ಮೀನು ಮಾಡಲು ಹೊರಟಿದ್ದಾಳೆಂದು ಕೇರಿಯವರು ನಕ್ಕರು. ಅತ್ತೆ ಹಿಡಿದ ಪಟ್ಟು ಬಿಡುವ ಪೈಕಿಯಲ್ಲ, ನಾನೂ ಅಷ್ಟೇ. ಬೇಸಿಗೆಯ ಹೊತ್ತಿಗೆ ದೋಣಿ ಹತ್ತಿದೆ.

ಭರತಕ್ಕೆ ಸಿಕ್ಕಿ ಈಸಿ ಬರುವಾಗೆಲ್ಲ ಅತ್ತೆ ನನ್ನನ್ನೇ ಎಲ್ಲರಿಗಿಂತ ಮುಂದೆ ಬಿಡುತ್ತಿದ್ದರು. ನಾನು ಹಿಗ್ಗಿ ಹೀರೇಕಾಯಿ. ಎಲ್ಲರಿಗಿಂತ ಗಟ್ಟಿಯಾಗಿದ್ದೇನೆ, ಅದಕ್ಕೇ ಮುಂದಾಳು ಎಂದುಕೊಂಡಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದ ದಿನ ಪಕ್ಕದ ಮನೆಯ ಅಕ್ಕ ಬುಟ್ಟಿ ಕೆಳಗಿಟ್ಟು ನಕ್ಕಳು.

"ಮುಂದೆ ಬಿಡೂದು ಸೋಲೋರನ್ನ. ಕಣ್ಣೆದ್ರಿಗೆ ಇರ್ಲಿ ಅಂತ."

ಅವಮಾನದಿಂದ ಮುಖ ಉರಿಯಿತು. ಅತ್ತೆಯೊಡನೆ ಕೆಲವು ದಿನ ಮಾತು ಬಿಟ್ಟೆ, ಈಸುವುದು ಬಿಡಲಿಲ್ಲ. ಹಠಕ್ಕೆ ಬಿದ್ದು ಇಳಿತಕ್ಕೆದುರಾಗಿ ಇನ್ನೂ ದೂರ ಹೋದೆ. ಆದರೂ ಬರುವಾಗ ನಾನೇ ಮುಂದೆ...

ಹಾಗೆ ಎಷ್ಟೋ ಬೇಸಿಗೆ ಕಳೆದ ಮೇಲೆ ಒಂದು ಸಂಜೆ ದೋಣಿ ಬರಲಿಲ್ಲ. ದಿಬ್ಬದ ಮೇಲೆ ನೀರು ಮೊಣಕಾಲಿಗೇರಿತು. ಅತ್ತೆ ಸೆರಗು ಬಿಗಿದು, ನನ್ನ ಕಡೆ ನೋಡದೆ ಅಂದರು:

"ಇವತ್ತು ನಾ ಮುಂದೆ ಹೋಗ್ತೆ. ನೀ ಹಿಂದೆ ಬಾ."

ಯಾರೂ ನಗಲಿಲ್ಲ. ಅಷ್ಟು ವರ್ಷ ಕಾದಿದ್ದ ಜಾಗ ಸಿಕ್ಕಿತ್ತು, ಈಗ ಅದು ನನಗೆ ಬೇಡವಾಗಿತ್ತು. ಅವರ ನರೆತ ತುರುಬಿನಿಂದ ಕಣ್ಣು ಕೀಳದೆ ಈಸಿದೆ. ನಡುಹೊಳೆಯಲ್ಲಿ ಅವರು ಅಂಗಾತ ತಿರುಗಿ ತೇಲಿದರು. ಉಸಿರು ಸೀಟಿ ಹೊಡೆಯುತ್ತಿತ್ತು. ಕೈ ಹಿಡಿಯಲು ಹೋಗಲಿಲ್ಲ, ಹೋಗಿದ್ದರೆ ಬೈಯುತ್ತಿದ್ದರು. ಪಕ್ಕದಲ್ಲೇ ತೇಲುತ್ತ ಕಾದೆ. ಸುಧಾರಿಸಿಕೊಂಡು, ತಾವೇ ಈಸಿ ದಂಡೆ ಹತ್ತಿದರು. ಮನೆಗೆ ಬಂದ ಮೇಲೆ ಅವರ ಭುಜಕ್ಕೆ ಹೊನ್ನೆ ಎಣ್ಣೆ ತಿಕ್ಕಿದವಳು ನಾನು.

ಮತ್ತೆ ಅವರು ದಿಬ್ಬಕ್ಕೆ ಬರಲಿಲ್ಲ. ಮುಂದಿನ ಮಳೆಗಾಲ ದಾಟಲಿಲ್ಲ. ಹೆತ್ತವಳು ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ...

ಮೊನ್ನೆ ಎಣ್ಣೆ ತಿಕ್ಕಿಸಿಕೊಂಡು, ಹೊಳೆ ನೋಡಿ ಬರುತ್ತೇನೆಂದು ಎದ್ದೆ. ದಂಡೆಯ ಇಳಿಜಾರಿನಲ್ಲಿ ಮೊಮ್ಮಗಳು ಬದಿಗೆ ಸರಿದು ನಿಂತಳು.

"ಅಜ್ಜಿ, ನೀ ಮುಂದೆ ನಡಿ."

ನನಗೆ ಸಿಟ್ಟು ಬಂತು. ಆಮೇಲೆ ಸೆರಗು ಬಿಗಿದು ಮುಂದೆ ನಡೆದೆ.