ಚೌಡವ್ವನ ಸೂಜಿ

ನಮ್ಮ ಬೆಟಗೇರಿಯ ನೇಕಾರರ ಸಂಘದಲ್ಲಿ ಸೀರೆ ಪರೀಕ್ಷಿಸುವವಳು ಚೌಡವ್ವ. ಭೂತಗನ್ನಡಿ ಹಿಡಿದು ಒಂದಿಂಚಿನಲ್ಲಿ ಎಷ್ಟು ಎಳೆಗಳಿವೆ ಎಂದು ಎಣಿಸುತ್ತಾಳೆ. ಒಂದೇ ಎಳೆ ಎರಡು ಸಲ ಲೆಕ್ಕಕ್ಕೆ ಬರಬಾರದೆಂದು ಶುರುವಿನಲ್ಲೊಂದು ಸೂಜಿ ಚುಚ್ಚುತ್ತಾಳೆ. ನೇಕಾರ ಹೇಳಿದ್ದಕ್ಕಿಂತ ಎಳೆ ಕಡಿಮೆ ಬಿದ್ದರೆ ಸೀರೆಗೆ ಕೆಂಪು ದಾರ ಕಟ್ಟಿ ವಾಪಸ್ ಕಳಿಸುತ್ತಾಳೆ. ಸ್ವಂತ ತಮ್ಮನ ಸೀರೆಯನ್ನೂ ಬಿಟ್ಟವಳಲ್ಲ.

ಮೊನ್ನೆ ಸಂಘಕ್ಕೆ ಬಂದ ಪೊಲೀಸ್ ಅಧಿಕಾರಿಯೊಬ್ಬರು, ಠಾಣೆಯವರೂ ಫೋನ್ ಪರೀಕ್ಷಿಸುವ ಲ್ಯಾಬಿನವರೂ ಬರೆದ ಪಟ್ಟಿಯೊಂದನ್ನು ಮುಂದಿಟ್ಟರು. "ಕಳ್ಳರ ಕಡಿಂದ ಹಿಡದ ಅರವತ್ತು ಫೋನ್ ಇದರಾಗ ಅದಾವು. ಎನ್‌ಕ್ರಿಪ್ಷನ್ ಅನ್ನೋ ಬೀಗ ಐತಿ, ಒಂದನ್ನೂ ತೆಗಿಯಾಕ ಆಗವಲ್ದು. ಎಲ್ಲಾರ ಫೋನಿನ ಕೀಲಿ ಸರ್ಕಾರದ ಕಡಿ ಇರಬೇಕು ಅಂತ ಇದರ ಕೆಳಗ ಸಹಿ ಹಾಕ್ರಿ," ಎಂದರು.

ಎಲ್ಲರೂ ಪೆನ್ನು ತೆಗೆದರು. ಚೌಡವ್ವ ಸೂಜಿ ತೆಗೆದಳು. ಒಂದೊಂದೇ ಫೋನಿನ ನಂಬರಿಗೆ ಚುಚ್ಚುತ್ತ ಪಟ್ಟಿಯ ಕೊನೆಯವರೆಗೂ ಹೋದಳು.

"ಸಾಹೇಬ್ರ, ಇವು ಅರವತ್ತಲ್ರಿ, ಮೂವತ್ನಾಕು. ಇಪ್ಪತ್ತಾರು ನಂಬರ್ ಎರಡೆರಡು ಸಲ ಅದಾವು. ಠಾಣ್ಯಾಗ ಬರದ ಫೋನನ್ನ ಲ್ಯಾಬಿನವ್ರು ಮತ್ತೊಮ್ಮಿ ಬರದಾರ."

ಅಧಿಕಾರಿ ಪಟ್ಟಿ ನೋಡಿ ಮುಖ ಒರೆಸಿಕೊಂಡರು. "ಎಣಿಕಿ ಒಂದೀಟು ತಪ್ಪಿರಬಹುದವ್ವಾ. ಆದ್ರ ನಮ್ಮ ಮಾತು ಖರೆ ಐತಿ."

"ನಮ್ಮ ನೇಕಾರರೂ ಹಿಂಗ ಅಂತಾರ್ರಿ," ಎಂದ ಚೌಡವ್ವ, ಪಟ್ಟಿಯನ್ನು ಸುತ್ತಿ, ಕೆಂಪು ದಾರ ಕಟ್ಟಿ ಅವರ ಕೈಗಿಟ್ಟಳು.