ಕಾರಿನ ಮ್ಯಾಲಿನ ಒಲಿ

ನಮ್ಮ ಹುಡುಗರಿಗೆ ಟೆಂಟಿನ್ಯಾಗ ಮಲಗೂ ಹುಚ್ಚು. ಹಾಸಿಗಿ, ಭಾಂಡಿ, ಗ್ಯಾಸಿನ ಒಲಿ ಎಲ್ಲಾ ಕಾರಿನ ಮ್ಯಾಲ ಕಟ್ಟಿಕೊಂಡು ಗೋಕಾಕದಿಂದ ಹೊಂಟಿವಿ. ಘೋಡಗೇರಿಯೊಳಗ ನೀರು ಕೇಳಾಕ ನಿಂತಾಗ ಒಬ್ಬ ಅಜ್ಜಿ ಕಾರನ್ನ ನೋಡಿದಳು.

“ಅಣ್ಣತಮ್ಮರು ಬ್ಯಾರಿ ಆದ್ರೇನೋ ಯಪ್ಪಾ?”

“ಇಲ್ಲಬೇ, ಎರಡು ದಿನ ಬಯಲಾಗ ಮಲಗಾಕ ಹೊಂಟೇವಿ.”

“ಮನಿ ಇದ್ದವರು ಬಯಲಾಗ ಯಾಕ ಮಲಗ್ತಾರ? ಸುಳ್ಳು ಹೇಳಬ್ಯಾಡ.”

ಆಕೀನ್ನ ನಂಬಸಾಕ ಒಂದ ಮನ್ಯಾಗ ಕೂಡಿರೋ ಅಣ್ಣಗ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಅಜ್ಜಿ ಅವಂಗೂ ಬ್ಯಾರಿ ಆದ್ರೇನಂತ ಕೇಳಿದಳು.

ಅಣ್ಣ ಅಜ್ಜಿಗೇ ತಿರುಗಿ ಕೇಳಿದ. “ಒಲಿ ಕಟ್ಟುವಾಗನ ನನಗ ಸಂಶೇ ಬಂದಿತ್ತು. ನಿಮ್ಮ ಮುಂದ ತಮ್ಮ ಖರೆ ಹೇಳಿದನೇನ್ರಿ?”

ನಾ ಎಷ್ಟು ಹೇಳಿದರೂ ಅವ ನಂಬಲಿಲ್ಲ. ಹುಡುಗರು ಅಳಾಕತ್ತರೂ ಗಾಡಿ ತಿರುಗಿಸಿದೆ.

ಆ ಸಂಶೇ ಬೆಳದು ಬೆಳದು ಈಗ ಖರೇನ ಬ್ಯಾರಿ ಆಗೇವಿ. ಅದ ಒಲಿ ಮ್ಯಾಲ ಅಡಗಿ. ಟೆಂಟ್ ಮಾತ್ರ ಇನ್ನೂ ಬಿಚ್ಚಿಲ್ಲ.